ಉಪ್ಪಿನಕಾಯಿ ಘಟಕಕ್ಕೆ ಯಾವ ಲೇಬಲಿಂಗ್ ಯಂತ್ರ ಸೂಕ್ತ?

ಸಾಗರದ ಬಳಿಯ ನಿಮ್ಮ ಘಟಕದಲ್ಲಿ ದಿನಕ್ಕೆ ಸುಮಾರು 1,500 ಬಾಟಲಿ ಮಿಡಿ ಮತ್ತು ನಿಂಬೆ ಉಪ್ಪಿನಕಾಯಿ ತುಂಬುತ್ತೀರಿ, 200 ಮತ್ತು 500 ಗ್ರಾಂನ ಗಾಜಿನ ಬಾಟಲಿಗಳ ಜೊತೆಗೆ 1 ಕೆ.ಜಿ.ಯ ಪ್ಲಾಸ್ಟಿಕ್ ಡಬ್ಬವೂ ಇದೆ, ಕೈಯಿಂದ ಅಂಟಿಸುವ ಲೇಬಲ್ ಸೊಟ್ಟಗಾಗುತ್ತದೆ, ಕೆಲವು ದಿನಗಳಲ್ಲಿ ಅಂಚು ಏಳುತ್ತದೆ ಎಂದು ಬರೆದಿದ್ದೀರಿ. ಪೂರ್ಣ ಸ್ವಯಂಚಾಲಿತ ಮತ್ತು ಅರೆ ಸ್ವಯಂಚಾಲಿತ ಯಂತ್ರ ಎರಡಕ್ಕೂ ಕೋಟೇಷನ್ ತರಿಸಿಕೊಂಡು ಯಾವುದು ಸರಿ ಎಂದು ಕೇಳಿದ್ದೀರಿ. ಬೆಂಗಳೂರಿನ ಪೀಣ್ಯದಲ್ಲಿ ಪ್ಯಾಕಿಂಗ್ ಯಂತ್ರಗಳ ಜೋಡಣೆ ಮತ್ತು ದುರಸ್ತಿಯ ಕೆಲಸ ಮಾಡುವವನಾದ್ದರಿಂದ ನನ್ನ ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ: ಯಂತ್ರವನ್ನು ಆರಿಸುವ ಮೊದಲು ಬಾಟಲಿಯನ್ನೂ ಲೇಬಲ್ಲನ್ನೂ ಖಚಿತಪಡಿಸಿಕೊಳ್ಳಿ. ಅವೆರಡೂ ಸರಿಯಿದ್ದರೆ ಸಾಧಾರಣ ಯಂತ್ರವೂ ಚೆನ್ನಾಗಿ ಕೆಲಸ ಮಾಡುತ್ತದೆ. ಅವು ಸರಿಯಿಲ್ಲದಿದ್ದರೆ ಎಷ್ಟು ದುಬಾರಿಯ ಯಂತ್ರವೂ ಸೊಟ್ಟ ಲೇಬಲ್ಲನ್ನೇ ವೇಗವಾಗಿ ಅಂಟಿಸುತ್ತದೆ.

ವೇಗದ ವಿಚಾರ ಬೇಗ ತೀರ್ಮಾನವಾಗುತ್ತದೆ. ದಿನಕ್ಕೆ ಆರು ಗಂಟೆ ತುಂಬುವ ಕೆಲಸ ನಡೆಯುತ್ತದೆ ಎಂದುಕೊಂಡರೂ 1,500 ಬಾಟಲಿ ಎಂದರೆ ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚಿಲ್ಲ. ಒಬ್ಬರು ಕುಳಿತು ಬಾಟಲಿ ಇಟ್ಟು ತೆಗೆಯುವ, ಮೇಜಿನ ಮೇಲಿಡುವ ಅರೆ ಸ್ವಯಂಚಾಲಿತ ಯಂತ್ರದಲ್ಲಿ ನಿಮಿಷಕ್ಕೆ ಹದಿನೈದು ಬಾಟಲಿ ಆರಾಮವಾಗಿ ಆಗುತ್ತದೆ. ಅಂದರೆ ಇಡೀ ದಿನದ ಸರಕು ಎರಡು ಗಂಟೆಯೊಳಗೆ ಮುಗಿಯುತ್ತದೆ. ಕನ್ವೇಯರ್ ಸಹಿತ ಸ್ವಯಂಚಾಲಿತ ಯಂತ್ರಕ್ಕೆ ಅರ್ಥ ಬರುವುದು ತುಂಬುವ ಯಂತ್ರ ಮತ್ತು ಮುಚ್ಚಳ ಹಾಕುವ ಯಂತ್ರಗಳೂ ಅದೇ ವೇಗದಲ್ಲಿ ಅದರ ಹಿಂದೆ ನಿಂತಾಗ ಮಾತ್ರ. ನಿಮ್ಮಲ್ಲಿ ಮಿಡಿಯನ್ನು ಕೈಯಿಂದಲೇ ತುಂಬುತ್ತಿರುವಾಗ ನಿಮಿಷಕ್ಕೆ ಅರವತ್ತು ಬಾಟಲಿಯ ಸಾಮರ್ಥ್ಯಕ್ಕೆ ಹಣ ಕೊಡುವುದು ವ್ಯರ್ಥ.

ಈಗ ಬಾಟಲಿಯ ವಿಷಯ. ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ನೇರ ಅಂಚಿಗೆ ಕತ್ತರಿಸಿ, ಲೇಬಲ್ ಬರುವ ಜಾಗದಲ್ಲಿ ಬಾಟಲಿಯ ಸುತ್ತ ಬಿಗಿಯಾಗಿ ಸುತ್ತಿ ನೋಡಿ. ಪಟ್ಟಿಯ ಎರಡು ತುದಿಗಳು ಒಂದರ ಮೇಲೊಂದು ಸರಿಯಾಗಿ ಕುಳಿತರೆ ಬಾಟಲಿ ನೇರವಾದ ಸಿಲಿಂಡರ್. ಒಂದು ತುದಿ ಮೇಲಕ್ಕೋ ಕೆಳಕ್ಕೋ ಜಾರಿದರೆ ಕಣ್ಣಿಗೆ ಕಾಣದಷ್ಟಾದರೂ ಬಾಟಲಿ ಮೇಲೋ ಕೆಳಗೋ ಕಿರಿದಾಗಿದೆ ಎಂದು ಅರ್ಥ. ಕೈಯಿಂದ ಅಂಟಿಸುವಾಗ ನಿಮ್ಮ ಲೇಬಲ್ ಸೊಟ್ಟಗಾಗುವುದಕ್ಕೆ ಆಪರೇಟರ್ ಕಾರಣವೋ ಬಾಟಲಿ ಕಾರಣವೋ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಅಂಥ ಬಾಟಲಿಗೆ ಸುತ್ತಲೂ ಬರುವ ಉದ್ದನೆಯ ಲೇಬಲ್ ಬದಲು ಮುಂದೊಂದು ಹಿಂದೊಂದು ಚಿಕ್ಕ ಲೇಬಲ್ ಹಾಕಬೇಕು, ಅಥವಾ ಬಾಟಲಿಯನ್ನೇ ಬದಲಿಸಬೇಕು. ಪ್ಲಾಸ್ಟಿಕ್ ಡಬ್ಬದಲ್ಲಿ ಇನ್ನೊಂದು ತೊಂದರೆಯಿದೆ: ಗೋಡೆ ತೆಳುವಾಗಿದ್ದರೆ ರೋಲರ್ ಒತ್ತಿದಾಗ ಒಳಕ್ಕೆ ಬಾಗಿ ಲೇಬಲ್ಲಿನಲ್ಲಿ ಸುಕ್ಕು ಬೀಳುತ್ತದೆ. ಆದ್ದರಿಂದ ಡಬ್ಬವನ್ನು ಉಪ್ಪಿನಕಾಯಿ ತುಂಬಿ, ಮುಚ್ಚಳ ಬಿಗಿದ ಮೇಲೆಯೇ ಪರೀಕ್ಷಿಸಿ. ಖಾಲಿ ಡಬ್ಬದ ಫಲಿತಾಂಶವನ್ನು ನಂಬಬೇಡಿ.

ಅಂಚು ಏಳುವುದಕ್ಕೆ ನಿಮ್ಮ ಪದಾರ್ಥವೇ ಕಾರಣವಿರಬಹುದು. ಮಿಡಿ ತುಂಬುವಾಗ ಬಾಟಲಿಯ ಬಾಯಿಯಿಂದ ಇಳಿದ ಉಪ್ಪುನೀರು ಹೊರಗೆ ಒಣಗಿದರೆ ಬೆಳ್ಳಗಿನ ಸಣ್ಣ ಉಪ್ಪಿನ ಪೊರೆ ಉಳಿಯುತ್ತದೆ, ನಿಂಬೆಕಾಯಿಯ ಒಗ್ಗರಣೆಯ ಎಣ್ಣೆ ಇನ್ನೂ ಹಟಮಾರಿ. ಇವೆರಡರ ಮೇಲೂ ಯಾವ ಅಂಟೂ ನಿಲ್ಲುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಎಣ್ಣೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಮುಚ್ಚಳ ಹಾಕಿದ ಮೇಲೆ ಬಾಟಲಿಯನ್ನು ಸೋಪಿನ ಬಿಸಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಲೇಬಲ್ ಹಚ್ಚುವ ಕ್ರಮ ಮಾಡಿಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಒಣಗಲು ಹೆಚ್ಚು ಹೊತ್ತು ಬೇಕಾಗುವುದರಿಂದ ಯಂತ್ರದ ಬೆಲೆಯ ಒಂದು ಪಾಲನ್ನು ಗಾಳಿ ಊದುವ ಬ್ಲೋವರ್‌ಗೆ ಇಟ್ಟುಕೊಳ್ಳುವುದು, ನನ್ನ ದೃಷ್ಟಿಯಲ್ಲಿ, ದೊಡ್ಡ ಯಂತ್ರಕ್ಕಿಂತ ಒಳ್ಳೆಯ ಹೂಡಿಕೆ. ಅದೇ ತೇವಕ್ಕೆ ಕಾಗದದ ಲೇಬಲ್ ನೀರು ಹೀರಿ ಅಂಚು ಸುರುಳಿಯಾಗುತ್ತದೆ, ಎಣ್ಣೆ ತಗುಲಿದರೆ ಕಲೆಯಾಗುತ್ತದೆ. ಉಪ್ಪಿನಕಾಯಿಗೆ ಪಿಪಿ (ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್) ಫಿಲ್ಮಿನ ಸ್ಟಿಕರ್ ಲೇಬಲ್ಲೇ ಸರಿ.

ಲೇಬಲ್ ರೋಲನ್ನು ಮುದ್ರಕರಿಂದ ತರಿಸುವಾಗ ಯಂತ್ರದವರು ಕೊಡುವ ವಿವರಗಳನ್ನು ಅವರಿಗೆ ಬರಹದಲ್ಲಿ ಕೊಡಿ: ಲೇಬಲ್ ಸುತ್ತಿರುವ ಒಳಗಿನ ಕೊಳವೆಯ, ಅಂದರೆ ಕೋರ್‌ನ, ಅಳತೆ ಎಷ್ಟು (ಸಾಮಾನ್ಯವಾಗಿ 3 ಇಂಚು, ಅಂದರೆ 76 ಮಿ.ಮೀ.), ರೋಲಿನ ಹೊರ ಅಳತೆ ಎಷ್ಟು, ಲೇಬಲ್ ಯಾವ ದಿಕ್ಕಿನಲ್ಲಿ ಬಿಚ್ಚಿಕೊಳ್ಳಬೇಕು, ಎರಡು ಲೇಬಲ್‌ಗಳ ನಡುವೆ ಅಂತರ ಎಷ್ಟಿರಬೇಕು. ಸುಮಾರು 3 ಮಿ.ಮೀ.ನ ಈ ಅಂತರವನ್ನು ನೋಡಿಯೇ ಯಂತ್ರದ ಸೆನ್ಸರಿಗೆ ರೋಲನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು. ನೀವು ಮುಂದೆ ಪಾರದರ್ಶಕ ಲೇಬಲ್ ಮಾಡಿಸುವ ಯೋಚನೆಯಲ್ಲಿದ್ದರೆ ಈಗಲೇ ಹೇಳಿ. ಬೆಳಕಿನ ಸಾಮಾನ್ಯ ಸೆನ್ಸರಿಗೆ ಅದರ ಅಂತರ ಕಾಣುವುದಿಲ್ಲ, ಅಲ್ಟ್ರಾಸಾನಿಕ್ ಸೆನ್ಸರ್ ಬೇಕಾಗುತ್ತದೆ.

ಬಹುತೇಕರು ಕೊನೆಗೆ ನೆನಪಿಸಿಕೊಳ್ಳುವುದು ಬ್ಯಾಚ್ ಮತ್ತು ದಿನಾಂಕದ ಮುದ್ರಣವನ್ನು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳಂತೆ ಪದಾರ್ಥಗಳ ಪಟ್ಟಿ, ಪೋಷಕಾಂಶಗಳ ವಿವರ, ಹಸಿರು ಚಿಹ್ನೆ, 14 ಅಂಕಿಗಳ ಪರವಾನಗಿ ಸಂಖ್ಯೆ ಮುಂತಾದವನ್ನು ಮೊದಲೇ ಮುದ್ರಿಸಿಡಬಹುದು. ಆದರೆ ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಬಳಕೆಯ ಕೊನೆಯ ದಿನಾಂಕ ಪ್ರತಿ ಸಲವೂ ಬದಲಾಗುತ್ತವೆ. ಪೊಟ್ಟಣ ಸರಕುಗಳ 2011ರ ತೂಕ-ಅಳತೆ ನಿಯಮಗಳು ಕೇಳುವ ಗರಿಷ್ಠ ಮಾರಾಟ ಬೆಲೆಯೂ ಆಗಾಗ ಬದಲಾಗುತ್ತದೆ. ಆದ್ದರಿಂದ ಲೇಬಲ್ ಅಂಟುವ ಮುನ್ನ ಅದರ ಮೇಲೆ ಇವನ್ನು ಒತ್ತುವ ಕೋಡರ್ ಜೋಡಿಸಲು ಸಾಧ್ಯವಿರುವ ಯಂತ್ರವನ್ನೇ ಕೊಳ್ಳಿ. ಲೇಬಲ್ಲಿನ ವಿನ್ಯಾಸ ಮಾಡಿಸುವಾಗ ಇವನ್ನು ಒತ್ತುವ ಚೌಕದಲ್ಲಿ ಹೊಳಪಿನ ಲೇಪನ ಬರದಂತೆ ಖಾಲಿ ಬಿಡಿಸಿ, ಏಕೆಂದರೆ ಲೇಪನದ ಮೇಲೆ ಒತ್ತಿದ ಅಕ್ಷರ ಎಣ್ಣೆ ಬೆರಳು ತಾಗಿದರೆ ಅಳಿಸಿಹೋಗುತ್ತದೆ. ದಿನಾಂಕ ಅಳಿಸಿದ ಬಾಟಲಿಯನ್ನು ಅಂಗಡಿಯವರು ವಾಪಸ್ ಕಳಿಸಿದರೆ ಅವರನ್ನು ದೂರುವಂತಿಲ್ಲ; ತಿನ್ನುವವರಿಗೆ ಆ ದಿನಾಂಕ ಗೊತ್ತಾಗಲೇಬೇಕು.

ಇವೆಲ್ಲ ಆದ ಮೇಲೆ ಕೋಟೇಷನ್ ಕೈಗೆತ್ತಿಕೊಳ್ಳಿ. ನಿಮ್ಮ ಮೂರು ಗಾತ್ರಗಳಿಗೂ ಹೊಂದುವ ಬಿಡಿಭಾಗಗಳು ಬೆಲೆಯಲ್ಲೇ ಸೇರಿವೆಯೇ, ಒಂದು ಗಾತ್ರದಿಂದ ಇನ್ನೊಂದಕ್ಕೆ ಬದಲಿಸಲು ಎಷ್ಟು ಹೊತ್ತು ಬೇಕು, ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಯುತ್ತದೆಯೇ, ಕಂಪ್ರೆಸರ್ ಪ್ರತ್ಯೇಕವಾಗಿ ಬೇಕೇ ಎಂದು ಕೇಳಿ. ಉಪ್ಪುನೀರು ಸಿಡಿಯುವ ಕಡೆ ಬಣ್ಣ ಬಳಿದ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಚೌಕಟ್ಟು ಎಸ್‌ಎಸ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಯಂತ್ರವನ್ನು ತುಂಬುವ ಕೋಣೆಯಿಂದ ಬೇರೆಯಾಗಿ ಒಣಗಿದ ಜಾಗದಲ್ಲಿಡಿ, ವೋಲ್ಟೇಜ್ ಏರಿಳಿತವಿದ್ದರೆ ಸ್ಟೆಬಿಲೈಸರ್ ಹಾಕಿಸಿ. ಅಹಮದಾಬಾದಿನ ಯಂತ್ರ ಅಗ್ಗವಾಗಿ ಸಿಗಬಹುದು, ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಕಂಟ್ರೋಲರ್ ಕೆಟ್ಟ ದಿನ ಸಾಗರಕ್ಕೆ ಯಾರು ಬರುತ್ತಾರೆ, ಎಷ್ಟು ದಿನದೊಳಗೆ ಬರುತ್ತಾರೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೆಂಗಳೂರಿನವರಿಗೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು.

ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಇಂಥ ಘಟಕಗಳಿಗೆ ಬ್ಯಾಂಕ್ ಸಾಲದೊಂದಿಗೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅದರ ಹೊಣೆ ಹೊತ್ತ ರಾಜ್ಯದ ನೋಡಲ್ ಸಂಸ್ಥೆಯಾದ ಕೆಪೆಕ್‌ನಲ್ಲಿ (ಕರ್ನಾಟಕ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ) ವಿಚಾರಿಸಿ. ಸಹಾಯಧನ ಸಿಗುತ್ತದೆಂದು ಬೇಡದ ಸಾಮರ್ಥ್ಯ ಮಾತ್ರ ಕೊಳ್ಳಬೇಡಿ.

ಮುಂಗಡ ಕೊಡುವ ಮುನ್ನ ಯಂತ್ರದವರ ಷೆಡ್ಡಿಗೆ ನೀವೇ ಹೋಗಿ. ನಿಮ್ಮದೇ ಲೈನಿನಿಂದ ತುಂಬಿ ತೊಳೆದ ಮೂರೂ ಗಾತ್ರದ ಬಾಟಲಿಗಳನ್ನು ಒಂದೊಂದು ಪೆಟ್ಟಿಗೆಯಷ್ಟು, ನಿಮ್ಮದೇ ಲೇಬಲ್ ರೋಲ್ ಸಹಿತ ಒಯ್ಯಿರಿ. ಅವರ ಪ್ರದರ್ಶನದ ಬಾಟಲಿಯ ಮೇಲೆ ಎಲ್ಲವೂ ಚೆನ್ನಾಗಿಯೇ ಕೂರುತ್ತದೆ. ಲೇಬಲ್ ಹಚ್ಚಿದವನ್ನು ವಾಪಸ್ ತಂದು ಮೂರು ನಾಲ್ಕು ದಿನ ನಿಮ್ಮ ದಾಸ್ತಾನು ಕೋಣೆಯಲ್ಲಿಟ್ಟು, ಕೆಲವನ್ನು ಫ್ರಿಜ್ಜಿನಲ್ಲೂ ಇಟ್ಟು ಅಂಚುಗಳನ್ನು ನೋಡಿ, ಆಮೇಲೆ ಆರ್ಡರ್ ಕೊಡಿ. ಒಟ್ಟು ಹಣದಲ್ಲಿ ಒಂದು ಪಾಲನ್ನು ನಿಮ್ಮ ಘಟಕದಲ್ಲಿ ಯಂತ್ರ ನಡೆಸಿ ತೋರಿಸಿದ ಮೇಲೆ ಪಾವತಿಸುವುದೆಂದು ಆರ್ಡರಿನಲ್ಲೇ ಬರೆಸಿಕೊಳ್ಳಿ.