ಲೈಬ್ರೇರಿಯನ್ ಆದವರು ಜಗಳ ಆಡಬಹುದೇ?

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಹೀಗಿದೆ: "ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಇ. ಜೆ. ಜೋಸಿ ಅವರನ್ನು 'ಹೋರಾಟಗಾರ ಲೈಬ್ರೇರಿಯನ್' ಎಂದು ಒಂದೇ ಸಾಲಿನಲ್ಲಿ ಹೊಗಳಿ ಬಿಟ್ಟಿದ್ದೀರಿ. ಲೈಬ್ರೇರಿಯನ್ ಕೆಲಸ ಕೇಳಿದವರಿಗೆ ಪುಸ್ತಕ ಕೊಡುವುದು. ನಮ್ಮ ರಂಗನಾಥನ್ ಅವರು ಸದ್ದಿಲ್ಲದೆ ಆ ಕೆಲಸ ಮಾಡಿದರು. ಸಭೆಯಲ್ಲಿ ಎದ್ದು ನಿಂತು ಜಗಳ ಆಡುವುದು ಸಾಧನೆಯೇ? ಅಷ್ಟೆಲ್ಲ ಆದ ಮೇಲೆ ಅವರು ಪಾಠ ಹೇಳಲು ಹೋದದ್ದಾದರೂ ಯಾಕೆ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದ್ದು ಸಾಲದು ಅನ್ನುವ ನಿಮ್ಮ ಮಾತು ನಿಜ. ಅದಕ್ಕೇ ಈ ಉದ್ದದ ಉತ್ತರ. ಆದರೆ ಉಳಿದ ಮಾತನ್ನು ಒಪ್ಪಲಾರೆ. ಕೇಳಿದವರಿಗೆ ಪುಸ್ತಕ ಕೊಡಬೇಕು ಅಂತೀರಿ. ಕೇಳಲು ಒಳಗೇ ಬಿಡದಿದ್ದರೆ?

1961ರ ಮಾರ್ಚ್ 27ರಂದು ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ನಡೆದದ್ದನ್ನು ನೋಡಿ. ಟೂಗಲೂ ಕಾಲೇಜಿನ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಮೊದಲು ಕಪ್ಪು ಜನರಿಗೆಂದೇ ಇದ್ದ ಲೈಬ್ರರಿಗೆ ಹೋಗಿ ತಮಗೆ ಬೇಕಾದ ಪುಸ್ತಕ ಕೇಳಿದರು. ಅಲ್ಲಿ ಅವು ಇರಲಿಲ್ಲ. ಅಲ್ಲಿಂದ ಬಿಳಿಯರ ದೊಡ್ಡ ಲೈಬ್ರರಿಗೆ ಬಂದರು. ಪುಸ್ತಕ ತೆಗೆದುಕೊಂಡು ಮೇಜಿನ ಮುಂದೆ ಕೂತು ಓದತೊಡಗಿದರು. ಪೊಲೀಸರು ಬಂದು ಹೊರಗೆ ನಡೆಯಿರಿ ಎಂದರು. ಯಾರೂ ಏಳಲಿಲ್ಲ. ಒಂಬತ್ತೂ ಜನರನ್ನು ಬಂಧಿಸಿ, ಶಾಂತಿ ಕದಡಿದರು ಎಂದು ಕೇಸು ಹಾಕಿದರು. ಓದುವ ಮಕ್ಕಳ ಮೇಲೆ!

ಮೂರು ವರ್ಷದ ನಂತರ, 1964ರ ಬೇಸಿಗೆಯಲ್ಲಿ, ಸೇಂಟ್ ಲೂಯಿಸ್‌ನಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ನಿನ ವಾರ್ಷಿಕ ಸಮ್ಮೇಳನ. ಲೈಬ್ರರಿ ಸಪ್ತಾಹವನ್ನು ಚೆನ್ನಾಗಿ ನಡೆಸಿದ್ದಕ್ಕೆ ಅದೇ ಮಿಸಿಸಿಪ್ಪಿಯ ಲೈಬ್ರರಿ ಸಂಘಕ್ಕೆ ಗೌರವ ಸಲ್ಲಿಸಲು ಹೊರಟಿದ್ದರು. ಆ ಸಂಘ ಕಪ್ಪು ಲೈಬ್ರೇರಿಯನ್ನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಶಾಖೆ ಆಗಬೇಕಾದರೆ ಎಲ್ಲರಿಗೂ ಸದಸ್ಯತ್ವ ಕೊಡಬೇಕು ಎಂದು ರಾಷ್ಟ್ರೀಯ ಸಂಘದ ನಿಯಮವೇನೋ ಇತ್ತು. ಅಲಬಾಮಾ, ಜಾರ್ಜಿಯಾ, ಲೂಯಿಸಿಯಾನಾ, ಮಿಸಿಸಿಪ್ಪಿ ಈ ನಾಲ್ಕೂ ರಾಜ್ಯಗಳ ಸಂಘಗಳು ಅದಕ್ಕೆ ಒಪ್ಪದೆ ಹೊರಗೇ ಉಳಿದಿದ್ದವು. ಆದರೂ ರಾಷ್ಟ್ರೀಯ ಸಂಘದ ಪದಾಧಿಕಾರಿಗಳಿಗೆ ಅವುಗಳ ಸಭೆಗೆ ಹೋಗಿ ಬರಲು ಯಾವ ಅಡ್ಡಿಯೂ ಇರಲಿಲ್ಲ. ಆಗ ಮಿಸಿಸಿಪ್ಪಿಯಲ್ಲಿ ನಾಗರಿಕ ಹಕ್ಕುಗಳ ಮೂವರು ಕಾರ್ಯಕರ್ತರು ಜೂನ್ 21ರಿಂದ ನಾಪತ್ತೆಯಾಗಿದ್ದರು. ಅವರ ಶವಗಳು ಸಿಕ್ಕಿದ್ದು ಆಗಸ್ಟ್‌ನಲ್ಲಿ.

ಜೋಸಿ ಅವರಿಗೆ ಆಗ 40 ವರ್ಷ. ಜಾರ್ಜಿಯಾದ ಸವಾನಾ ಸ್ಟೇಟ್ ಕಾಲೇಜಿನ ಮುಖ್ಯ ಲೈಬ್ರೇರಿಯನ್. ಅವರ ರಾಜ್ಯದ ಸಂಘವೂ ಅವರನ್ನು ಹೊರಗೇ ಇಟ್ಟಿತ್ತು. ಸಭೆಯಲ್ಲಿ ಎದ್ದು ನಿಂತು ಅವರು ಒಂದು ಠರಾವು ಮಂಡಿಸಿದರು. ಶಾಖೆಯ ನಿಯಮ ಪಾಲಿಸಲಾಗದ ರಾಜ್ಯ ಸಂಘಗಳ ಸಭೆಗೆ ನಮ್ಮ ಪದಾಧಿಕಾರಿಗಳಾಗಲಿ ಸಿಬ್ಬಂದಿಯಾಗಲಿ ಅಧಿಕೃತವಾಗಿ ಹೋಗಬಾರದು, ಸಂಘದ ಖರ್ಚಿನಲ್ಲೂ ಹೋಗಬಾರದು. ಇಷ್ಟೇ. ಠರಾವು ಪಾಸಾಯಿತು.

ನನಗೆ ಜೋಸಿ ಇಷ್ಟವಾಗುವುದು ಇಲ್ಲೇ. ನೀವು ಜಗಳ ಅಂದದ್ದರಲ್ಲಿ ಬೈಗುಳ ಇರಲಿಲ್ಲ. ಬಿಳಿಯರ ಮನಸ್ಸು ಬದಲಾಗಲಿ ಎಂದು ಅವರು ಕಾಯಲೂ ಇಲ್ಲ. ದೊಡ್ಡ ಸಂಘದ ಅಧ್ಯಕ್ಷರು ವೇದಿಕೆಗೆ ಬರದಿದ್ದರೆ, ಅವರ ಟಿಎ, ಡಿಎ ಪಾಸಾಗದಿದ್ದರೆ, ರಾಜ್ಯದ ಸಂಘಕ್ಕೆ ಮರ್ಯಾದೆ ಎಲ್ಲಿ ಉಳಿದೀತು? ನಿಮ್ಮ ಶಿಕ್ಷಕರ ಸಂಘದಲ್ಲೂ ಇಂಥದ್ದು ನೋಡಿರುತ್ತೀರಿ, ಅಲ್ವಾ? ಮರುವರ್ಷ, 1965ರಲ್ಲಿ, ಜಾರ್ಜಿಯಾ ಸಂಘದ ಮೊದಲ ಕಪ್ಪು ಸದಸ್ಯರಾಗಿ ಜೋಸಿ ಸೇರಿದರು.

ರಂಗನಾಥನ್ ಅವರ ಮಾತು ತೆಗೆದಿರಿ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಎಂದು ಸೂತ್ರ ಬರೆದವರು ಅವರು. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿಯೇ ತರಬೇತಿ ಕೇಂದ್ರ ಕಟ್ಟಿದವರು. ಆ ಸೂತ್ರವನ್ನು ವಿವರಿಸುವಾಗ ಬಡವರು, ಹೆಂಗಸರು ಯಾರನ್ನೂ ಹೊರಗಿಡಬೇಡಿ ಎಂದು ಅವರೂ ಗಟ್ಟಿಯಾಗಿಯೇ ವಾದಿಸಿದ್ದಾರೆ. ಹಾಗಾಗಿ ಇಬ್ಬರನ್ನೂ ಎದುರುಬದುರು ನಿಲ್ಲಿಸಬೇಡಿ ಎಂದು ನನ್ನ ವಿನಂತಿ.

ಈಗ ಪಾಠದ ವಿಷಯ. ಜೋಸಿ 1924ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದರು. ಹೊವಾರ್ಡ್‌ನಲ್ಲಿ ಓದಿ, ಕೊಲಂಬಿಯಾದಲ್ಲಿ ಇತಿಹಾಸದ ಎಂ.ಎ. ಮಾಡಿ, 1953ರಲ್ಲಿ ಆಲ್ಬನಿಯಲ್ಲಿ ಲೈಬ್ರರಿ ಶಾಸ್ತ್ರದ ಪದವಿ ಪಡೆದರು. 1966ರಿಂದ 20 ವರ್ಷ ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ದುಡಿದರು. 1970ರಲ್ಲಿ ಸಂಘದೊಳಗೇ ಕಪ್ಪು ಲೈಬ್ರೇರಿಯನ್ನರ 'ಬ್ಲ್ಯಾಕ್ ಕಾಕಸ್' ಕಟ್ಟಿದರು. ಮಕ್ಕಳನ್ನು ಒಟ್ಟಿಗೆ ಕೂರಿಸಿ ಎಂದು ಕೋರ್ಟು ಹೇಳಿದ ಮೇಲೆ ದಕ್ಷಿಣದಲ್ಲಿ ಬಿಳಿಯರಿಗಷ್ಟೇ ಖಾಸಗಿ ಶಾಲೆಗಳು ಎದ್ದಿದ್ದವು. ಅಂಥ ಶಾಲೆಗಳಿಗೆ ಲೈಬ್ರರಿಗಳು ನೆರವಾಗುವುದನ್ನು ಕಾಕಸ್ ಮೊದಲಿಗೇ ಖಂಡಿಸಿತು. 1984ರಲ್ಲಿ ಜೋಸಿ ಇಡೀ ಸಂಘದ ಅಧ್ಯಕ್ಷರಾದರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತ ಕಪ್ಪು ವ್ಯಕ್ತಿ ಕ್ಲಾರಾ ಸ್ಟಾಂಟನ್ ಜೋನ್ಸ್ ಒಬ್ಬರೇ.

ಅದಾದ ಮೇಲೆ, 62ನೇ ವಯಸ್ಸಿನಲ್ಲಿ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಯಾಕೆ ಅಂತ ಕೇಳಿದಿರಿ. ಬಾಗಿಲು ತೆರೆದರೆ ಸಾಲದು, ಒಳಗೆ ಕೂರುವವರು ತಯಾರಾಗಬೇಕಲ್ಲ! ಕಪ್ಪು ವಿದ್ಯಾರ್ಥಿಗಳನ್ನು ಈ ಓದಿಗೆ ಕರೆತರುವುದು ಅವರಿಗೆ ಠರಾವಿನಷ್ಟೇ ದೊಡ್ಡ ಕೆಲಸವಾಗಿತ್ತು. ಇಲ್ಲಿ ಇನ್ನೊಬ್ಬರ ಹೆಸರು ಹೇಳದಿದ್ದರೆ ತಪ್ಪಾದೀತು. ದಕ್ಷಿಣದ ಬಿಳಿಯರ ಲೈಬ್ರರಿ ಶಾಲೆಗಳು ಕಪ್ಪು ಜನರನ್ನು ಸೇರಿಸದಿದ್ದ ದಿನಗಳಲ್ಲೇ ಅಟ್ಲಾಂಟಾ ವಿಶ್ವವಿದ್ಯಾಲಯದ ಲೈಬ್ರರಿ ಶಾಲೆಗೆ ಡೀನ್ ಆದವರು ವರ್ಜೀನಿಯಾ ಲೇಸಿ ಜೋನ್ಸ್. 1945ರಿಂದ 1981ರವರೆಗೆ, 36 ವರ್ಷ ಅಲ್ಲೇ ಇದ್ದರು. ಅವರ ಬಗ್ಗೆ ಒಂದು ಪೂರ್ತಿ ಲೇಖನವನ್ನೇ ಕೊಡುತ್ತೇವೆ.

ಜೋಸಿ 1995ರಲ್ಲಿ ನಿವೃತ್ತರಾಗಿ 2009ರಲ್ಲಿ ತೀರಿಕೊಂಡರು. ಅವರು ಸಂಪಾದಿಸಿದ 'ದಿ ಬ್ಲ್ಯಾಕ್ ಲೈಬ್ರೇರಿಯನ್ ಇನ್ ಅಮೆರಿಕ' 1970ರಲ್ಲಿ ಬಂತು. ಕಪ್ಪು ಲೈಬ್ರೇರಿಯನ್ನರು ತಮ್ಮ ಕೆಲಸದ ಬದುಕನ್ನು ತಾವೇ ಬರೆದ ಲೇಖನಗಳು ಅದರಲ್ಲಿವೆ. ಎಲ್ಲಾದರೂ ಸಿಕ್ಕರೆ ಓದಿ ಮೇಷ್ಟ್ರೇ. ಓದಿದ ಮೇಲೂ ನಿಮ್ಮ ಆಕ್ಷೇಪ ಹಾಗೇ ಇದ್ದರೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.