ಭರಣಿಗೆ ಬಟ್ಟೆ, ಹಡಗಿಗೆ ಟಾರ್ಪಾಲು

ಪ್ರಶ್ನೆ: ನಮ್ಮ ಕಂಪನಿಗೆ ಕಷ್ಟಕಾಲವಂತೆ. ಮೀಟಿಂಗಿನಲ್ಲಿ ಮ್ಯಾನೇಜರು ‘ಬ್ಯಾಟನ್ ಡೌನ್ ದ ಹ್ಯಾಚಸ್’ ಅಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಮನೆಗೆ ಬಂದು ನಿಘಂಟು ನೋಡಿದರೆ ಬ್ಯಾಟನ್ ಅಂದರೆ ಕೊಬ್ಬು, ಹ್ಯಾಚ್ ಅಂದರೆ ಮರಿ ಮಾಡು ಅಂತಿದೆ! ‘ಬಾಗಿಲು ಭದ್ರ ಮಾಡಿ’ ಅಂದರೆ ಸಾಲದೇ? ಇಂಥ ಮಾತುಗಳ ಹಂಗು ನಮಗೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಘಂಟು ತೆಗೆದಿರಲ್ಲ, ಅಷ್ಟಕ್ಕೇ ಅರ್ಧ ಮಾರ್ಕು ಕೊಟ್ಟೆ. ಆದರೆ ಮೊದಲು ಕಂಡ ಅರ್ಥಕ್ಕೇ ಪುಸ್ತಕ ಮುಚ್ಚಿಬಿಟ್ಟಿರಿ. ಇನ್ನೆರಡು ಸಾಲು ಓದಿದ್ದರೆ ಬ್ಯಾಟನ್ ಅಂದರೆ ಮರದ ಪಟ್ಟಿ ಅಂತಲೂ ಸಿಗುತ್ತಿತ್ತು. ನಿಮ್ಮ ಮನೆಯಲ್ಲಿ ಬಲ್ಬು ಸಿಕ್ಕಿಸುವ ಬ್ಯಾಟನ್ ಹೋಲ್ಡರ್ ಇದೆ, ಅಲ್ವಾ? ಅದೇ ಬ್ಯಾಟನ್. ಹಿಂದೆ ಗೋಡೆಗೆ ಮರದ ಪಟ್ಟಿ ಹೊಡೆದು ಅದರ ಮೇಲೆ ವೈರು ಎಳೆಯುತ್ತಿದ್ದರು. ಪಟ್ಟಿ ಹೋಯಿತು, ಹೆಸರು ಉಳಿಯಿತು.

ಹ್ಯಾಚ್ ಅಂದರೆ ಹಡಗಿನ ಡೆಕ್ಕಿನಲ್ಲಿರುವ ಬಾಯಿ. ಸರಕು ಹೊಟ್ಟೆಗೆ ಇಳಿಯುವುದು ಅಲ್ಲಿಂದಲೇ. ಬಾಯಿಗೆ ಹಲಗೆ ಮುಚ್ಚಿ, ಮೇಲೆ ಟಾರು ಬಳಿದ ಕ್ಯಾನ್ವಾಸು ಹೊದಿಸಿ, ಅಂಚಿನುದ್ದಕ್ಕೂ ಪಟ್ಟಿಯಿಟ್ಟು ಮೊಳೆ ಹೊಡೆಯುತ್ತಿದ್ದರು. ಅದೇ ಬ್ಯಾಟನ್ ಡೌನ್. ಕಷ್ಟ ಬರುವ ಮುಂಚೆ ಎಲ್ಲ ಬಿಗಿ ಮಾಡಿಕೊಳ್ಳಿ ಅನ್ನುವುದು ನಿಮ್ಮ ಮ್ಯಾನೇಜರ ಮಾತಿನ ಅರ್ಥ. 1769ರಲ್ಲಿ ವಿಲಿಯಂ ಫಾಲ್ಕನರ್ ಹಡಗಿನ ಮಾತುಗಳಿಗೆಂದೇ ಮಾಡಿದ ನಿಘಂಟಿನಲ್ಲಿ ಈ ಪಟ್ಟಿಗಳ ಮಾತು ಬರುತ್ತದೆ. ಆಮೇಲೆ ಮೊಳೆಯ ಬದಲು ಕಬ್ಬಿಣದ ಪಟ್ಟಿ, ಅದನ್ನು ಬಿಗಿಯುವ ಮರದ ಬೆಣೆ ಬಂದವು. ನಮ್ಮ ಲಾರಿಯವರ ಟಾರ್ಪಾಲು ಆ ಕ್ಯಾನ್ವಾಸಿನ ಮೊಮ್ಮಗ.

ಈಗ ನಿಮ್ಮ ‘ಬಾಗಿಲು ಭದ್ರ’ಕ್ಕೆ ಬರೋಣ. ಅದು ಕಳ್ಳನ ಭಯದ ಮಾತು. ಇದು ನೀರಿನ ಭಯದ್ದು. ಬೀಗ ಹಾಕಿದ ಬಾಗಿಲಿನ ಸಂದಿಯಲ್ಲೂ ನೀರು ಬರುತ್ತದೆ! ಇನ್ನೊಂದು, ಇದು ಗಾಳಿ ಏಳುವ ಮುಂಚೆ ಮಾಡುವ ಕೆಲಸ. ಅರ್ಧ ಆಫೀಸು ಖಾಲಿಯಾದ ಮೇಲೆ ಹೇಳಿದರೆ ಸುಮ್ನೆ ಶೋಕಿ.

ಒಮ್ಮೆ ಮಂಗಳೂರಿನ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿ, ಅಂದರೆ ಸರಕು ಸಾಗಿಸುವ ಮರದ ಹಡಗು, ನೋಡುತ್ತಾ ನಿಂತಿದ್ದೆ. ಸರಕಿನ ಮೇಲೆ ಟಾರ್ಪಾಲು ಎಳೆದಾಗಿತ್ತು. ವಯಸ್ಸಾದವರೊಬ್ಬರು ಹಗ್ಗ ಜಗ್ಗಿ ಗಂಟು ಹಾಕಿದರು, ತಟ್ಟಿ ನೋಡಿದರು, ಬಿಚ್ಚಿ ಮತ್ತೆ ಹಾಕಿದರು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಆ ಮಾತು ಆಡುವ ಹಕ್ಕು ಅವರಿಗಿದೆ. ಏಸಿ ರೂಮಿನಲ್ಲಿ ಕೂತವರಿಗೆ ಇದೆಯೋ ಇಲ್ಲವೋ, ನನಗೆ ಅನುಮಾನ.

ಆ ಮ್ಯಾನೇಜರಿಗೆ ಇದನ್ನೂ ಹೇಳಿ. 1848ರ ಡಿಸೆಂಬರಿನಲ್ಲಿ ಐರ್ಲೆಂಡಿನ ಸ್ಲೈಗೋದಿಂದ ಲಿವರ್‌ಪೂಲಿಗೆ ಹೊರಟ ‘ಲಂಡನ್‌ಡೆರಿ’ ಹಡಗು ಬಿರುಗಾಳಿಗೆ ಸಿಕ್ಕಿತು. ಡೆಕ್ಕಿನಲ್ಲಿದ್ದ ಬಡ ಪ್ರಯಾಣಿಕರನ್ನು ಕೆಳಗಿನ ಇಕ್ಕಟ್ಟು ಕೋಣೆಗೆ ನೂಕಿ, ಬಾಯಿಗೆ ಟಾರ್ಪಾಲು ಬಿಗಿದರು. ನೀರೂ ಒಳಗೆ ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ. 72 ಜನ ಉಸಿರುಕಟ್ಟಿ ಸತ್ತರು. ಹ್ಯಾಚ್ ಮುಚ್ಚಿ ಅನ್ನುವವರನ್ನು, ಕೆಳಗೆ ಯಾರಿದ್ದಾರೆ ಸ್ವಾಮಿ ಅಂತ ಒಂದು ಮಾತು ಕೇಳಬೇಕು.

ಕನ್ನಡದಲ್ಲಿ ಮಾತಾಡುವಾಗ ಕನ್ನಡವೇ ಇರಲಿ ಅನ್ನುತ್ತೀರಿ, ಒಪ್ಪಿದೆ. ಆದರೆ ಹೊರಗಿನ ಮಾತೆಂದು ಮೂಗು ಮುರಿಯಬೇಡಿ. ಇದಕ್ಕೆ ಸರಿಸಾಟಿಯಾಗಿ ನಮ್ಮಲ್ಲಿರುವ ಬಂದೋಬಸ್ತ್ ಪಾರಸಿಯಿಂದ ಬಂದದ್ದು. ಅದರ ಬೇರಿನಲ್ಲೂ ಇರುವುದು ಕಟ್ಟುವುದು, ಬಿಗಿಯುವುದೇ. ಎಂಥಾ ಮಾತು! ಅದನ್ನು ಪೊಲೀಸರಿಗೆ ಬಿಟ್ಟುಕೊಟ್ಟು ಕೂತಿದ್ದೇವೆ. ಈಗ ಬಂದೋಬಸ್ತ್ ಅಂದರೆ ಲಾಠಿ, ಬ್ಯಾರಿಕೇಡು, ಮಂತ್ರಿಗಳ ಕಾರು. ಪತ್ರಿಕೆಯವರಾದ ನಮ್ಮ ಪಾಲೂ ಇದರಲ್ಲಿ ಜಾಸ್ತಿಯೇ ಇದೆ.

ನಮ್ಮಮ್ಮನ ಬಾಯಲ್ಲಿ ಅದು ಹಾಗಿರಲಿಲ್ಲ. ಮೇ ತಿಂಗಳಲ್ಲಿ ಮಾವಿನ ಮಿಡಿ ತುಂಬಿದ ಭರಣಿಯ ಬಾಯಿಗೆ ಬಿಳಿ ಬಟ್ಟೆ ಹಾಸಿ, ಕತ್ತಿನ ಸುತ್ತ ಮೂರು ಸುತ್ತು ದಾರ ಬಿಗಿಯುತ್ತಿದ್ದರು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಗಂಟು ಎಳೆದು, ‘ಹೂಂ, ಬಂದೋಬಸ್ತಾಯ್ತು’ ಅನ್ನುತ್ತಿದ್ದರು. ಮಳೆಗೆ ಇನ್ನೂ ಹದಿನೈದು ದಿನ ಇರುತ್ತಿತ್ತು.