ನ್ಯೂಜೆರ್ಸಿಗೆ ಹೊಸದಾಗಿ ಬಂದ ತಂಗಿಗೆ: ಪೆಟ್ರೋಲ್ ರೇಟು, ನಮ್ಮ ಸೆನೆಟರ್, ವೆನೆಜುವೆಲಾ (2022ರ ಮಾರ್ಚ್‌ನಲ್ಲಿ ಬರೆದ ಪತ್ರ)

ಪ್ರೀತಿಯ ತಂಗಿ,

ಎಡಿಸನ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಮೂರು ಪ್ರಶ್ನೆ ಕೇಳಿದ್ದೀಯ. ಪೆಟ್ರೋಲ್ ಹೀಗೆ ಏರುತ್ತಿರುವಾಗ ಕಾರು ತಗೋಬೇಕಾ? ವೆನೆಜುವೆಲಾದ ಎಣ್ಣೆ ಬಂದರೆ ರೇಟು ಇಳಿಯಬಹುದು ಅನ್ನುತ್ತಾರೆ, ಅದಕ್ಕೆ ನಮ್ಮ ರಾಜ್ಯದ ಸೆನೆಟರೇ ಯಾಕೆ ಅಡ್ಡ ನಿಂತಿದ್ದಾರೆ? ಊಟದ ಹೊತ್ತಲ್ಲಿ ನೀನು "ಆ ಎಣ್ಣೆ ಬರಲಿ ಬಿಡಿ, ಎಲ್ಲರಿಗೂ ಒಳ್ಳೇದು" ಅಂದಾಗ ಪಕ್ಕದಲ್ಲಿದ್ದ ವೆನೆಜುವೆಲಾದ ಹುಡುಗಿ ಡಬ್ಬಿ ಮುಚ್ಚಿ ಎದ್ದು ಹೋದಳು, ಅದರಲ್ಲಿ ತಪ್ಪೇನಿತ್ತು? ನನಗೆ ಈ ಮೂರನೆಯದೇ ಮುಖ್ಯ ಅನಿಸಿತು. ಆದರೆ ಅದನ್ನು ಹೇಳಬೇಕಾದರೆ ಸೆನೆಟರ್ ವಿಷಯದಿಂದಲೇ ಶುರು ಮಾಡಬೇಕು.

ಈ 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಮಾರ್ಚ್ 8ಕ್ಕೆ ಅಧ್ಯಕ್ಷ ಬೈಡನ್ ರಷ್ಯಾದ ತೈಲ ತರಿಸುವುದನ್ನು ನಿಲ್ಲಿಸಿದರು. ಅದಕ್ಕೂ ಮೂರು ದಿನ ಮೊದಲು ಶ್ವೇತಭವನದ ಅಧಿಕಾರಿಗಳು ವೆನೆಜುವೆಲಾದ ರಾಜಧಾನಿ ಕರಾಕಸ್‌ಗೆ ಹೋಗಿ ಅಲ್ಲಿ ಆಳುತ್ತಿರುವ ಮಡುರೊ ಜೊತೆ ಮಾತಾಡಿ ಬಂದಿದ್ದರು. ಅಲ್ಲಿನ ಸರ್ಕಾರಿ ತೈಲ ಕಂಪನಿ ಪಿಡಿವಿಎಸ್‌ಎ ಮೇಲೆ 2019ರ ಜನವರಿಯಿಂದ ಅಮೆರಿಕದ ನಿರ್ಬಂಧ ಇದೆ. ಅದನ್ನು ಸ್ವಲ್ಪ ಸಡಿಲಿಸಿ, ರಷ್ಯಾದ ಎಣ್ಣೆಯ ಜಾಗಕ್ಕೆ ಅಲ್ಲಿನದ್ದನ್ನು ತರಬಹುದಾ ಅನ್ನುವ ಲೆಕ್ಕಾಚಾರ. ಸುದ್ದಿ ಹೊರಬಿದ್ದ ಕೂಡಲೇ ನಮ್ಮ ಸೆನೆಟರ್ ಬಾಬ್ ಮೆನೆಂಡೆಜ್ ಖಡಾಖಂಡಿತವಾಗಿ ಬೇಡ ಅಂದರು. ಮಡುರೊ ತನ್ನ ಜನರ ಹಕ್ಕನ್ನೂ ಅನ್ನವನ್ನೂ ಕಿತ್ತುಕೊಳ್ಳುತ್ತಿರುವಾಗ ಅವನ ಕಡೆಯವರ ಜೇಬಿಗೆ ತೈಲದ ಲಾಭ ಹೋಗಬಾರದು, ಮಾಸ್ಕೋದ ಒಬ್ಬ ಸರ್ವಾಧಿಕಾರಿಯನ್ನು ಎದುರಿಸಲು ಕರಾಕಸ್‌ನ ಇನ್ನೊಬ್ಬನಿಗೆ ಬಲ ಕೊಡಬಾರದು ಅನ್ನುವುದು ಅವರ ವಾದ. ಬೈಡನ್ ಅವರದ್ದೇ ಪಕ್ಷದವರು ಇವರು. ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರು ಬೇರೆ. ನಿರ್ಬಂಧ ಸಡಿಲಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ, ಖಜಾನೆ ಇಲಾಖೆ ಒಂದು ಲೈಸೆನ್ಸ್ ಕೊಟ್ಟರೆ ಆಯಿತು. ಆದರೂ ಎರಡೂ ಪಕ್ಷದ ಕಡೆ ಐವತ್ತು-ಐವತ್ತು ಜನ ಇರುವ ಸೆನೆಟ್‌ನಲ್ಲಿ ಇಂಥವರ ಮಾತು ಮೀರಿ ಹೋಗುವುದು ಯಾವ ಅಧ್ಯಕ್ಷರಿಗೂ ಸುಲಭ ಇಲ್ಲ.

ಈ ಮನುಷ್ಯ ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಒಂದು ಭಾನುವಾರ ಇದೇ ರಾಜ್ಯದ ಯೂನಿಯನ್ ಸಿಟಿಗೆ ಹೋಗಿ ಬಾ. ಅಲ್ಲಿ ಬರ್ಗನ್‌ಲೈನ್ ಅವೆನ್ಯೂ ಅಂತ ಉದ್ದನೆಯ ಬೀದಿ. ಅಂಗಡಿ ಬೋರ್ಡೆಲ್ಲ ಸ್ಪ್ಯಾನಿಷ್. ಕಾಫಿ ಅಂಗಡಿ ಮುಂದೆ ಪುಟಾಣಿ ಲೋಟದಲ್ಲಿ ಕಡು ಕಾಫಿ ಕುಡಿಯುತ್ತಾ ನಿಂತ ಅಜ್ಜಂದಿರು ಕಾಣುತ್ತಾರೆ. ಕ್ಯಾಸ್ಟ್ರೋ ಬಂದ ಮೇಲೆ ಮನೆ ಮಠ ಬಿಟ್ಟು ಬಂದ ಕ್ಯೂಬಾದವರು ಸಾವಿರಾರು ಜನ ನೆಲೆಸಿದ ಊರು ಅದು. ಮೆನೆಂಡೆಜ್ ಅವರ ಅಪ್ಪ ಅಮ್ಮ ಕ್ಯೂಬಾದವರು. ಇವರು ಬೆಳೆದದ್ದು, ಮೇಯರ್ ಆದದ್ದು ಆ ಊರಲ್ಲೇ. ಆ ಜನಕ್ಕೆ ಕ್ಯೂಬಾದ ರಾಜಧಾನಿ ಹವಾನಾ, ಕರಾಕಸ್ ಎರಡೂ ಒಂದೇ ಗಾಯ, ಯಾಕೆಂದರೆ ಮಡುರೊಗಿಂತ ಮೊದಲು ಅಧ್ಯಕ್ಷನಾಗಿದ್ದ ಚಾವೆಜ್ ಕಾಲದಿಂದ ಕ್ಯೂಬಾಕ್ಕೆ ಎಣ್ಣೆ ಕಳಿಸುತ್ತಾ ಬಂದದ್ದು ವೆನೆಜುವೆಲಾವೇ. ಹಾಗಾಗಿ ಸೆನೆಟರ್ ನಿಲುವನ್ನು ಬರೀ ವೋಟಿನ ಲೆಕ್ಕ ಅಂತ ತಳ್ಳಿಹಾಕಬೇಡ.

ಇನ್ನು ರೇಟಿನ ವಿಷಯ. ದೇಶದ ಸರಾಸರಿ ಈ ತಿಂಗಳು ಗ್ಯಾಲನ್‌ಗೆ 4.33 ಡಾಲರ್ ಮುಟ್ಟಿ 2008ರ ದಾಖಲೆ ಮುರಿಯಿತು. ಲೀಟರ್ ಲೆಕ್ಕದಲ್ಲಿ ಸುಮಾರು 87 ರೂಪಾಯಿ, ಬೆಂಗಳೂರಿನ 100ಕ್ಕಿಂತ ಕಮ್ಮಿಯೇ. ಆದರೆ ಇಲ್ಲಿ ಹಾಲು ತರೋಕೂ ಕಾರು ಬೇಕು, ಅದಕ್ಕೇ ಇಷ್ಟು ಸಂಕಟ. ವೆನೆಜುವೆಲಾ ಇದನ್ನು ಇಳಿಸುತ್ತದಾ? ಪ್ರಪಂಚದಲ್ಲೇ ಜಾಸ್ತಿ ತೈಲ ಇರುವುದು ಅಲ್ಲಿನ ನೆಲದಡಿ, ನಿಜ. 1990ರ ದಶಕದ ಕೊನೆಗೆ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಮೇಲೆ ತೆಗೆಯುತ್ತಿದ್ದರು. ಈಗ ಏಳೆಂಟು ಲಕ್ಷದ ಆಸುಪಾಸು. ಪ್ರಪಂಚ ದಿನಕ್ಕೆ ಸುಡುವುದು ಸುಮಾರು 10 ಕೋಟಿ ಬ್ಯಾರೆಲ್. ಬಾವಿ, ಪೈಪು, ಯಂತ್ರ ಎಲ್ಲ ತುಕ್ಕು ಹಿಡಿದಿವೆ, ರಿಪೇರಿಗೆ ವರ್ಷಗಳು ಬೇಕು. ನಾಳೆಯೇ ನಿರ್ಬಂಧ ತೆಗೆದರೂ ನಿನ್ನ ಬಂಕ್‌ನ ಬೋರ್ಡಿನಲ್ಲಿ ಏನೂ ಬದಲಾಗುವುದಿಲ್ಲ.

ಈಗ ಎದ್ದು ಹೋದ ಹುಡುಗಿ. ನನ್ನ ಆಫೀಸಿನಲ್ಲೂ ಅಂಥ ಗೆಳತಿ ಒಬ್ಬಳಿದ್ದಾಳೆ, ವೆನೆಜುವೆಲಾದ ಮರಕೈಬೊ ಊರಿನವಳು. ಅವಳಪ್ಪ ಪಿಡಿವಿಎಸ್‌ಎಯಲ್ಲಿ ಎಂಜಿನಿಯರ್. 2002ರ ಕೊನೆಗೆ ಶುರುವಾದ ದೊಡ್ಡ ಮುಷ್ಕರದಲ್ಲಿ ಸೇರಿದ್ದಕ್ಕೆ ಚಾವೆಜ್ ಸರ್ಕಾರ ಸುಮಾರು 18,000 ಜನರನ್ನು ಮನೆಗೆ ಕಳಿಸಿತು, ಅದರಲ್ಲಿ ಅವರೂ ಒಬ್ಬರು. ಕೆಲಸ ಗೊತ್ತಿದ್ದವರೆಲ್ಲ ಹೋದ ಮೇಲೆ ಆ ಕಂಪನಿ ಚೇತರಿಸಿಕೊಳ್ಳಲೇ ಇಲ್ಲ. ಅಂದರೆ ನಿರ್ಬಂಧಕ್ಕಿಂತ ಎಷ್ಟೋ ವರ್ಷ ಮೊದಲೇ ಹಾಳಾಗಲು ಶುರುವಾಗಿತ್ತು, ಇದನ್ನು ನೆನಪಿಟ್ಟುಕೋ. ಅವಳು ಆಗಾಗ ಊರಿಗೆ ಡಬ್ಬ ಕಳಿಸುತ್ತಾಳೆ. ಒಂದು ಸಲ ಅವಳ ಮನೆಯಲ್ಲಿ ಕೂತು ಪ್ಯಾಕ್ ಮಾಡಲು ನಾನೂ ಕೈ ಜೋಡಿಸಿದ್ದೆ. ಕೆಳಗೆ ಜೋಳದ ಹಿಟ್ಟು, ಅಕ್ಕಿ, ಎಣ್ಣೆ. ಮೇಲೆ ಸೋಪು, ಟೂತ್‌ಪೇಸ್ಟ್. ಅಮ್ಮನ ಬಿಪಿ ಮಾತ್ರೆಗಳನ್ನು ಕಾಲುಚೀಲದೊಳಗೆ ಸುತ್ತಿ ಮಧ್ಯೆ ಇಟ್ಟಳು. ತೈಲದ ನಾಡಿನಲ್ಲಿ ಕೂತ ತಾಯಿಗೆ ಅಡುಗೆ ಎಣ್ಣೆ ಇಲ್ಲಿಂದ ಹೋಗಬೇಕು.

ಆ ತಾಯಿ ಫೋನಿನಲ್ಲಿ ಹೇಳುವುದು ಏನು ಗೊತ್ತಾ? ನಿರ್ಬಂಧ ತೆಗೆಯಲಿ, ಉಸಿರಾಡೋಕಾದರೂ ಆಗಲಿ ಅಂತ. ಮಗಳು ಒಪ್ಪುವುದಿಲ್ಲ. ಆ ದುಡ್ಡು ನಿನ್ನ ಮನೆ ಬಾಗಿಲಿಗೆ ಬರಲ್ಲ ಅಮ್ಮ, ಸೈನ್ಯದ ಅಧಿಕಾರಿಗಳ ಹತ್ತಿರವೇ ಉಳಿಯುತ್ತೆ ಅನ್ನುತ್ತಾಳೆ. ಇಬ್ಬರೂ ಅಳುತ್ತಾರೆ. ನಿನ್ನ ಸಹೋದ್ಯೋಗಿಯ ಮನೆಯಲ್ಲೂ ಇಂಥದ್ದೇ ಜಗಳ ನಡೆದಿರಬಹುದು. ಅರವತ್ತು ಲಕ್ಷಕ್ಕೂ ಜಾಸ್ತಿ ಜನ ಆ ದೇಶ ಬಿಟ್ಟು ಹೊರಟಿದ್ದಾರೆ, ತಂಗಿ. ನಮ್ಮ ಬೆಂಗಳೂರು ನಗರದ ಹೆಚ್ಚುಕಮ್ಮಿ ಅರ್ಧ ಜನ ಖಾಲಿಯಾದಷ್ಟು.

ನಮಗೂ ಇದು ದೂರದ ಮಾತಲ್ಲ. ನಾನು ಸುರತ್ಕಲ್ ಕಡೆಯವಳು. ಅಲ್ಲಿನ ತೈಲ ಶುದ್ಧೀಕರಣ ಕಂಪನಿ, ನಮ್ಮ ಎಂಆರ್‌ಪಿಎಲ್, ವರ್ಷಗಳ ಕಾಲ ಇರಾನ್ ಎಣ್ಣೆ ತರಿಸುತ್ತಿತ್ತು. ಇರಾನ್ ಮೇಲಿನ ನಿರ್ಬಂಧದಿಂದ ಕೊಟ್ಟಿದ್ದ ವಿನಾಯಿತಿಯನ್ನು 2019ರ ಮೇ ತಿಂಗಳಲ್ಲಿ ಅಮೆರಿಕ ನಿಲ್ಲಿಸಿದ ಮೇಲೆ ಭಾರತ ಆ ಎಣ್ಣೆ ತರಿಸುವುದನ್ನೇ ಬಿಡಬೇಕಾಯಿತು. ವಾಷಿಂಗ್ಟನ್‌ನ ಸಹಿ ಮಂಗಳೂರಿನ ಪಣಂಬೂರು ಬಂದರಿನವರೆಗೂ ಮುಟ್ಟುತ್ತದೆ. ಹಾಗಾಗಿ ನಿರ್ಬಂಧ ಅಂದರೆ ಯಾವಾಗಲೂ ನ್ಯಾಯವೇ ಅಂತ ನಾನು ಹೇಳಲಾರೆ.

ಆದರೆ ಈ ವಿಷಯದಲ್ಲಿ ಸೆನೆಟರ್ ಹೇಳುವುದು ಮುಕ್ಕಾಲು ಪಾಲು ಸರಿ ಅನ್ನುತ್ತೇನೆ. ಗ್ಯಾಲನ್‌ಗೆ ನಾಲ್ಕು ಕಾಸು ಉಳಿಯಬಹುದು ಅನ್ನುವ ಆಸೆಗೆ, ಚುನಾವಣೆಯ ದಿನಾಂಕವೂ ಇಲ್ಲದೆ, ಜೈಲಿನಲ್ಲಿರುವವರ ಬಿಡುಗಡೆಯೂ ಇಲ್ಲದೆ ಸುಮ್ನೆ ಬಿಟ್ಟುಕೊಡಬಾರದು. ಕರಾಕಸ್ ಮಾತುಕತೆ ಆದ ಮೇಲೆ ಅಲ್ಲಿನ ಜೈಲಿನಿಂದ ಇಬ್ಬರು ಅಮೆರಿಕನ್ನರು ಹೊರಬಂದರು, ಒಳ್ಳೆಯದೇ. ಅಷ್ಟಕ್ಕೇ ತೈಲ ವ್ಯಾಪಾರ ತೆರೆದರೆ ಮುಂದಿನದಕ್ಕೆ ಕೈಯಲ್ಲಿ ಏನು ಉಳಿಯುತ್ತದೆ? ಉಳಿದ ಕಾಲು ಭಾಗದಲ್ಲಿ ನಾನು ಆ ತಾಯಿಯ ಕಡೆ. ಮೂರು ವರ್ಷ ಹಿಂಡಿದರೂ ಮಡುರೊ ಕುರ್ಚಿ ಅಲುಗಲಿಲ್ಲ, ಅಲುಗಿದ್ದು ಬಡವರ ಅಡುಗೆಮನೆ. ಒಂದೊಂದು ಹೆಜ್ಜೆಗೆ ಒಂದೊಂದು ಸಡಿಲಿಕೆ, ಮಾತು ತಪ್ಪಿದರೆ ವಾಪಸ್, ಹೀಗೆ ಮಾಡಬೇಕು. ಪೂರ್ತಿ ಬೇಡ ಅಂತ ಕೂತರೆ ದಾರಿ ಸಿಗುವುದಿಲ್ಲ.

ನಿನಗೆ ವೋಟಿಲ್ಲ, ಆದರೆ ತೆರಿಗೆ ಕಟ್ಟುತ್ತೀಯ, ಈ ರಾಜ್ಯದಲ್ಲಿ ವಾಸ ಮಾಡುತ್ತೀಯ. ಸೆನೆಟರ್ ಆಫೀಸಿಗೆ ಫೋನ್ ಮಾಡಿ ನಿನ್ನ ಅಭಿಪ್ರಾಯ ಹೇಳಬಹುದು. ಮುಂದೆ ವೀಸಾ ಫೈಲು ಎಲ್ಲಾದರೂ ಸಿಕ್ಕಿಕೊಂಡರೆ ವಿಚಾರಿಸಿ ಕೊಡುವವರೂ ಅವರೇ. ಮುಜುಗರ ಬೇಡ.

ಆ ಹುಡುಗಿಗೆ ಉದ್ದ ಕ್ಷಮಾಪಣೆಯ ಮೆಸೇಜ್ ಕಳಿಸಬೇಡ. ಸೋಮವಾರ ಊಟಕ್ಕೆ ಪಕ್ಕದಲ್ಲೇ ಕೂತುಕೋ. ನಿಮ್ಮನೆಯವರು ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ಕೇಳು, ಆಮೇಲೆ ಅವಳು ಹೇಳುವುದನ್ನು ಕೇಳಿಸಿಕೋ. ಪರಿಹಾರ ಹೇಳಲು ಹೋಗಬೇಡ.

ಕಾರಿನ ಮಾತು ಕೊನೆಗೆ. ತಗೋ, ಆದರೆ ಹೊಸದು ಬೇಡ. ಕಮ್ಮಿ ಪೆಟ್ರೋಲ್ ಕುಡಿಯುವ ಹಳೆಯ ಕೊರೊಲ್ಲಾ ಥರದ್ದು ಸಾಕು. ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಹಿಡಿದುಕೋ. ಬಂಕ್‌ನಲ್ಲಿ ಕೆಳಗೆ ಇಳಿಯಬೇಡ, 1949ರಿಂದ ಈ ರಾಜ್ಯದಲ್ಲಿ ನಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, ಕೆಲಸದವರೇ ಬಂದು ಹಾಕುತ್ತಾರೆ. ಎಷ್ಟೋ ಕಡೆ ಕಾರ್ಡಿಗಿಂತ ನಗದಿಗೆ ರೇಟು ಕಮ್ಮಿ, ಇಪ್ಪತ್ತರ ಎರಡು ನೋಟು ಕಾರಿನಲ್ಲಿ ಇಟ್ಟಿರು.

ನಿನ್ನ ಅಕ್ಕ